ಕೋಳಿ ತೂಕಡಿಸ್ತಾ ಇದೆ, ಏನು ಮಾಡ್ಲಿ?

ಬದಿಯಡ್ಕದ ಹತ್ತಿರದ ಓದುಗರೊಬ್ಬರು ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮನೆಯಲ್ಲಿ 14 ಕೋಳಿ. ಒಂದು ಹೇಂಟೆ ತೂಕಡಿಸುತ್ತ ಮೂಲೆಗೆ ನಿಂತಿತು. ಮರಿ ಕೊಟ್ಟಿದ್ದ ಅಣ್ಣನಿಗೆ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ, "ಕೋಳಿ ತೂಕಡಿಸ್ತಾ ಇದೆ, ಏನು ಮಾಡ್ಲಿ?" ಅಂತ ಕೇಳಿದರು. ಅವರು ಮದ್ದು ಹೇಳಲಿಲ್ಲ. ಸಾಲಾಗಿ ಪ್ರಶ್ನೆ ಕೇಳಿ, "ನಾಳೆ ಸರಿಯಾಗಿ ನೋಡಿ ಹೇಳಿ" ಅಂತ ಫೋನ್ ಇಟ್ಟರು. ಮರುದಿನ ಕೋಳಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಕ್ಕದ ಮನೆಯ ಅಕ್ಕನಲ್ಲಿಗೆ ಹೋದರೆ, ಆ ಅಕ್ಕ ಗೇಟಿನಿಂದ ಒಳಗೇ ಬಿಡಲಿಲ್ಲ. "ಕೋಳಿ ಸಾಕುವವರೇ ಹೀಗೆ ಮಾಡಿದರೆ ನಾವು ಯಾರ ಹತ್ತಿರ ಕೇಳುವುದು?" ಎಂದು ಪತ್ರ ಮುಗಿಯುತ್ತದೆ.

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಅಣ್ಣ ಮಾಡಿದ್ದು ಸರಿ, ಅಕ್ಕ ಮಾಡಿದ್ದು ಇನ್ನೂ ಸರಿ.

ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ಇನ್ನು ಆಗುವುದಿಲ್ಲ ಅಂದಾಗ, ರೋಗ ಯಾವುದೇ ಇರಲಿ, ಅದು ಮಾಡುವುದು ಒಂದೇ: ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ನಿಲ್ಲುತ್ತದೆ. ಒಂದು ತಿಂಗಳ ಮರಿ ಹಾಗೆ ನಿಂತು ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯಾ (ಕರುಳಿಗೆ ತಗಲುವ ಸೂಕ್ಷ್ಮ ಪರಾವಲಂಬಿಯ ರೋಗ) ಅಂತ ಅನುಮಾನ. ಮಳೆಗಾಲದಲ್ಲಿ ಗೂಡಿನ ನೆಲ ಒದ್ದೆಯಾದರೆ ಇದು ಜಾಸ್ತಿ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು, ಒಂದರ ಹಿಂದೆ ಒಂದು ಮಲಗುವುದು ಶುರುವಾದರೆ ರಾಣಿಖೇತ್ ಇರಬಹುದು. (ಮೃಗಾಸ್ಪತ್ರೆಯ ಡಾಕ್ಟರು ಕೋಳಿವಸಂತ ಅಂದರೆ ಇದೇ.) ಮೊಟ್ಟೆಯಿಡುವ ಹೇಂಟೆ ಬಾಲ ಇಳಿಬಿಟ್ಟು ತಿಣುಕುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಕಾವಿಗೆ ಕೂತ ಹೇಂಟೆಯೂ ಪುಕ್ಕ ಉಬ್ಬಿಸಿಕೊಂಡು, ಸರಿಯಾಗಿ ತಿನ್ನದೆ ಕೂರುತ್ತದೆ. ಅದಕ್ಕೆ ರೋಗವೇ ಇಲ್ಲ! ಇಷ್ಟರಲ್ಲಿ ನಿಮ್ಮದು ಯಾವುದು ಅಂತ ಆ ಅಣ್ಣ ಹಾಸಿಗೆಯಲ್ಲಿ ಕೂತು ಹೇಗೆ ಹೇಳಬೇಕು? ಕೇಳದೆ ಮದ್ದು ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಅವರು ಹೇಳುವುದು ಹೆಚ್ಚಾಗಿ ಯಾವುದೋ ಆಂಟಿಬಯಾಟಿಕ್. ರಾಣಿಖೇತ್ ಬರುವುದು ವೈರಸ್ಸಿನಿಂದ, ಆಂಟಿಬಯಾಟಿಕ್ ಅದನ್ನು ಮುಟ್ಟುವುದೂ ಇಲ್ಲ. ಉಳಿದ ಕೋಳಿಗಳಿಗೂ ಸುಮ್ನೆ ಕುಡಿಸಿದರೆ ಅದರ ಅಂಶ ಮೊಟ್ಟೆಯಲ್ಲಿ ನಿಮ್ಮ ಮಕ್ಕಳ ಹೊಟ್ಟೆಗೆ ಬರುತ್ತದೆ.

ಹಾಗಾದರೆ ಕೇಳುವ ಮೊದಲು ಏನು ನೋಡಬೇಕು? ರಾತ್ರಿ ಆ ಕೋಳಿಯನ್ನು ಬೇರೆ ಮಾಡಿ, ಕೆಳಗೆ ಒಂದು ಅಡಿಕೆ ಹಾಳೆ ಹಾಸಿ. ಬೆಳಗ್ಗೆ ಹಾಳೆಯ ಮೇಲೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆರೋಗ್ಯದ ಹಿಕ್ಕೆ ಕಂದು ಬಣ್ಣದ್ದು, ತುದಿಯಲ್ಲಿ ಬಿಳಿ ಟೊಪ್ಪಿ. ದಿನದಲ್ಲಿ ಕೆಲವು ಸಲ ಅಂಟಂಟಾದ, ಕೆಟ್ಟ ವಾಸನೆಯ ಕಂದು ಹಿಕ್ಕೆಯನ್ನೂ ಹಾಕುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಅದೂ ಸಹಜವೇ. ಫೋಟೋ ತೆಗೆಯುವುದಾದರೆ ಬಿಸಿಲು ಬಂದ ಮೇಲೆ ತೆಗೆಯಿರಿ. ಟಾರ್ಚ್ ಬೆಳಕಿನಲ್ಲಿ ಹಸಿರೂ ಕಂದೂ ಒಂದೇ. ಕಾಳು ಹಾಕುವ ಮೊದಲು ಕತ್ತಿನ ಬುಡದ ಕಾಳಿನ ಚೀಲ ಮುಟ್ಟಿ ನೋಡಿ. ರಾತ್ರಿ ತುಂಬಿದ್ದು ಬೆಳಗ್ಗೆ ಖಾಲಿಯಾಗಿರಬೇಕು. ಗಟ್ಟಿ ಉಂಡೆ ಸಿಕ್ಕಿದರೆ ತಿಂದದ್ದು ಕೆಳಗಿಳಿಯದೆ ಕಟ್ಟಿಕೊಂಡಿದೆ ಅಂತ; ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಆಮೇಲೆ ಹೀಗೆ ಬರೆದು ಕಳಿಸಬಹುದು: "ಅಣ್ಣಾ, ಒಂದು ವರ್ಷದ ಗ್ರಾಮಶ್ರೀ ತಳಿಯ ಹೇಂಟೆ. ನಿನ್ನೆ ಮಧ್ಯಾಹ್ನದಿಂದ ತಿಂದಿಲ್ಲ, ನೀರು ಕುಡಿಯುತ್ತದೆ. ಹಿಕ್ಕೆ ನೀರಾಗಿ ಹಸಿರು ಇದೆ, ಫೋಟೋ ಹಾಕಿದ್ದೇನೆ. ಉಳಿದ 13 ಚೆನ್ನಾಗಿವೆ. ಲಸಿಕೆ ಹಾಕಿಸಿಲ್ಲ. ಅರಿಶಿನ ನೀರು ಬಿಟ್ಟು ಬೇರೆ ಏನೂ ಕೊಟ್ಟಿಲ್ಲ. ಪುರುಸೊತ್ತಾದಾಗ ಹೇಳಿ." ಇದರಲ್ಲಿ ಜನ ಜಾಸ್ತಿ ಅಡಗಿಸುವುದು ಲಸಿಕೆಯ ವಿಷಯವನ್ನು, ನಾಚಿಕೆಯಿಂದ. ಹಾಕಿಸದಿದ್ದರೆ ಹಾಕಿಸಿಲ್ಲ ಅಂತಲೇ ಹೇಳಿ. ಇಲ್ಲದಿದ್ದರೆ ಅವರು ರಾಣಿಖೇತನ್ನು ಪಟ್ಟಿಯಿಂದ ತೆಗೆದು ಬೇರೆ ಕಡೆ ಹುಡುಕುತ್ತಾರೆ.

"ಪುರುಸೊತ್ತಾದಾಗ" ಅನ್ನುವುದನ್ನೂ ಬಿಡಬೇಡಿ. ನಮ್ಮ ಊರಲ್ಲಿ ಕೋಳಿ ಸಾಕುವವರು ಹೆಚ್ಚಿನವರು ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೋ ತೋಟಕ್ಕೋ ಹೋಗುವವರು. ಅವರಿಗೆ ನಿಮ್ಮಿಂದ ಫೀಸು ಬರುವುದಿಲ್ಲ. ಕಾಯಲು ಆಗದ ಸಂಗತಿಯಾದರೆ ಅವರನ್ನು ಕೇಳುವುದೇ ತಪ್ಪು, ಸೀದಾ ಮೃಗಾಸ್ಪತ್ರೆಗೆ ಹೋಗಬೇಕು. ಒಮ್ಮೆಲೇ ಮೂರು ನಾಲ್ಕು ಕೋಳಿ ಸತ್ತರಂತೂ ಯಾರ ಅಭಿಪ್ರಾಯವೂ ಬೇಡ. ಹಕ್ಕಿಜ್ವರದಂಥ ರೋಗದ ಸಂಶಯ ಬಂದರೆ ತಿಳಿಸಲೇಬೇಕು ಅಂತ 2009ರ ಕೇಂದ್ರ ಕಾಯ್ದೆಯೇ ಇದೆ.

ಇನ್ನು ಗೇಟಿನಲ್ಲಿ ತಡೆದ ಅಕ್ಕ. ಅವರ ಅಂಗಳದಲ್ಲೂ ಕೋಳಿಗಳಿವೆ ಅಲ್ವಾ? ರಾಣಿಖೇತ್ ಹರಡಲು ಕೋಳಿಯೇ ಹೋಗಬೇಕೆಂದಿಲ್ಲ. ಬುಟ್ಟಿಗೆ ಅಂಟಿದ ಹಿಕ್ಕೆ ಸಾಕು, ನಿಮ್ಮ ಚಪ್ಪಲಿಯ ಅಡಿ ಸಾಕು. ನೀವು ಸಹಾಯ ಕೇಳಲು ಹೋಗಿ ಅವರಿಗೆ ರೋಗ ಕೊಟ್ಟು ಬರುತ್ತಿದ್ದಿರಿ. ಹುಷಾರಿಲ್ಲದ ಕೋಳಿ ಮನೆಯಲ್ಲೇ ಇರಲಿ. ನೀವು ಕೈಕಾಲು ತೊಳೆದು, ಚಪ್ಪಲಿ ಬದಲಾಯಿಸಿ ಹೋಗಿ. ರಸ್ತೆಯಲ್ಲೇ ನಿಂತು ಮಾತಾಡಿದರೆ ಇನ್ನೂ ಒಳ್ಳೆಯದು. ಕೋಳಿ ಸತ್ತರೆ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಪೋಸ್ಟ್‌ಮಾರ್ಟಂ ಮಾಡುತ್ತೇವೆ ಅಂದರೆ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಮಂಜುಗಡ್ಡೆಯ ಜೊತೆ ಬೇಗ ತಲುಪಿಸಿ. ಫ್ರೀಜರಿನಲ್ಲಿ ಕಲ್ಲಾಗಿಸಬೇಡಿ. ಬೇಡ ಅಂದರೆ ಸುಣ್ಣ ಹಾಕಿ ಆಳವಾಗಿ ಹೂಳಿ. ತೋಡಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕೆಳಗಿನ ಮನೆಯವರ ಕೋಳಿ ಅದೇ ನೀರು ಕುಡಿಯುತ್ತದೆ.

ಒಂದು ಮಾತು ಕೇಳಲೇಬೇಕು. ಆ ಹೇಂಟೆ ಕೊನೆಗೆ ಏನಾಯಿತು? ಪತ್ರದಲ್ಲಿ ಎಲ್ಲೂ ಇಲ್ಲ. "ನಾಳೆ ನೋಡಿ ಹೇಳಿ" ಅಂದ ಅಣ್ಣನಿಗೂ ನೀವು ಹೇಳಿದಂತೆ ಕಾಣುವುದಿಲ್ಲ. ಬದುಕಿತೋ ಸತ್ತಿತೋ, ಎರಡು ಸಾಲು ತಿಳಿಸಿ. ಅವರು ಇದೆಲ್ಲ ಕಲಿತದ್ದು ಇಂಥ ಸುದ್ದಿಗಳಿಂದಲೇ.

ಅಕ್ಕನ ಮನೆಗೆ ಹೋಗಲು ಈಗ ಬೇರೆ ಕಾರಣ ಇದೆ. ರಾಣಿಖೇತ್ ಲಸಿಕೆಯ ಬಾಟಲಿ ಸಾಮಾನ್ಯವಾಗಿ 100 ಅಥವಾ ಅದಕ್ಕಿಂತ ಜಾಸ್ತಿ ಕೋಳಿಗೆ ಆಗುವಷ್ಟು ಇರುತ್ತದೆ. ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಿಮ್ಮ ಹತ್ತಿಪ್ಪತ್ತು ಕೋಳಿಗೆ ಒಂದು ಬಾಟಲಿ ಒಡೆದರೆ ಉಳಿದದ್ದೆಲ್ಲ ದಂಡ. ಅಕ್ಕನದೆಷ್ಟು, ಆಚೆ ಮನೆಯದೆಷ್ಟು ಅಂತ ಲೆಕ್ಕ ಹಾಕಿ, ಡಾಕ್ಟರ ಹತ್ತಿರ ಒಂದು ದಿನ ಗೊತ್ತುಮಾಡಿ. ಮರಿಗೆ ಲಾಸೋಟ ಅನ್ನುವ ಲಸಿಕೆ, ದೊಡ್ಡದಕ್ಕೆ ಆರ್‌2ಬಿ, ಯಾವುದು ಯಾವಾಗ ಅಂತ ಅವರೇ ಹೇಳುತ್ತಾರೆ. ಹುಷಾರಿಲ್ಲದ ಕೋಳಿಗೆ ಮಾತ್ರ ಲಸಿಕೆ ಹಾಕುವಂತಿಲ್ಲ, ಹಾಗಾಗಿ ನಿಮ್ಮ ಗೂಡಿನಲ್ಲಿ ಎಲ್ಲ ಸರಿಯಾದ ಮೇಲೆಯೇ ದಿನ ಇಟ್ಟುಕೊಳ್ಳಿ. ಲಸಿಕೆ ತರಲು ಐಸ್ ಹಾಕಿದ ಫ್ಲಾಸ್ಕ್ ತೆಗೆದುಕೊಂಡು ಹೋಗಲು ಮರೆಯಬೇಡಿ.

- ಸಂ.