ಚರ್ಚೆಪುಟದಲ್ಲಿ ನಾನು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾ?

ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದ ಇಸವಿ ಬಗ್ಗೆ ವಿಕಿಪೀಡಿಯದ ಚರ್ಚೆಪುಟದಲ್ಲಿ (ಲೇಖನದ ಬಗ್ಗೆ ಮಾತಾಡಿಕೊಳ್ಳುವ ಪುಟ) ನೀವು ಬರೆದ ಮಾತನ್ನೇ ಒಬ್ಬರು ತಿದ್ದಿದ್ದಾರೆ, ಅಲ್ವಾ?

ಅದು ತಪ್ಪು. ಲೇಖನವನ್ನು ಯಾರು ಬೇಕಾದರೂ ತಿದ್ದಬಹುದು. ಚರ್ಚೆಯ ಮಾತು ಹಾಗಲ್ಲ, ಅದರ ಕೊನೆಗೆ ನಿಮ್ಮ ಸಹಿ ಇರುತ್ತದೆ. (ಸಹಿ ಬೀಳಲು ಕೊನೆಗೆ ನಾಲ್ಕು ಟಿಲ್ಡೆ, ಅಂದರೆ ~~~~ ಹಾಕಿದ್ದೀರಿ ತಾನೇ?) ಕಾಗುಣಿತ ತಪ್ಪಿದ್ದರೂ ಬೇರೆಯವರು ಮುಟ್ಟಬಾರದು. ಬೈಗುಳ, ಯಾರದೋ ಫೋನ್ ನಂಬರು, ಇಂಥದ್ದು ಇದ್ದರೆ ತೆಗೆಯಬಹುದು.

ಪುಟದ ಇತಿಹಾಸದಲ್ಲಿ ಯಾರು ಏನು ಬದಲಿಸಿದರು ಅಂತ ಸಿಗುತ್ತದೆ. ಒಂದು ಸಲ ಹಳೆಯದನ್ನು ವಾಪಸ್ ತಂದು, ಅವರಿಗೆ ಮೆತ್ತಗೆ ಹೇಳಿ. ಮತ್ತೆ ಮಾಡಿದರೆ ನಿರ್ವಾಹಕರಿಗೆ ತಿಳಿಸಿ, ಹಗ್ಗಜಗ್ಗಾಟಕ್ಕೆ ಇಳಿಯಬೇಡಿ. ನೀವೂ ಅಷ್ಟೇ, ಯಾರಾದರೂ ಉತ್ತರ ಕೊಟ್ಟ ಮೇಲೆ ನಿಮ್ಮ ಮಾತನ್ನು ಸುಮ್ನೆ ಅಳಿಸಬೇಡಿ. ಅಡ್ಡಗೆರೆ ಎಳೆದು ಹೊಸದು ಬರೆಯಿರಿ.

ಇಸವಿ ಕೆಲವು ಕಡೆ 1424, ಕೆಲವು ಕಡೆ 1429 ಅಂತ ಇದೆ. ಎರಡನ್ನೂ ಆಧಾರ ಸಮೇತ ಲೇಖನದಲ್ಲೇ ಹಾಕಿಬಿಡಿ.