ಓದುಗರ ಪ್ರಶ್ನೆ: ಓಟ, ಬಸ್ಕಿ, ಉಳುಕು

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು, ನನಗೆ 7 ನಿಮಿಷ 20 ಸೆಕೆಂಡ್ ಹಿಡಿಯುತ್ತಿದೆ. ದಿನಾ ಬೆಳಿಗ್ಗೆ 1600 ಮೀಟರ್ ಪೂರ್ತಿ ಜೋರಾಗಿ ಓಡಿ ಸಮಯ ನೋಡುತ್ತೇನೆ. ಸಮಯ ಇಳಿಯುತ್ತಿಲ್ಲ, ಮೊಣಕಾಲಿನ ಕೆಳಗೆ ಮೂಳೆಯ ಒಳಬದಿ ನೋವು ಶುರುವಾಗಿದೆ.
– ಅಭ್ಯರ್ಥಿ, ಹಾವೇರಿ

ಉತ್ತರ: ನೀವು ದಿನಾ ಮಾಡುತ್ತಿರುವುದು ಪರೀಕ್ಷೆ, ಅಭ್ಯಾಸವಲ್ಲ. ಆರೇಳು ನಿಮಿಷದ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕ ಬಳಸಿಕೊಂಡೇ ತಯಾರಾಗುತ್ತದೆ. ಆ ಸಾಮರ್ಥ್ಯ ಬೆಳೆಯಲು ನಿಧಾನದ, ಉದ್ದದ ಓಟ ಬೇಕೇ ಬೇಕು. ದಿನಾ ಏದುಸಿರು ಬಿಟ್ಟು ಓಡಿದರೆ ಸ್ನಾಯು, ಮೂಳೆಗಳಿಗೆ ದುರಸ್ತಿಗೆ ಸಮಯವೇ ಸಿಗುವುದಿಲ್ಲ.

ಮೊದಲು ಲೆಕ್ಕ ನೋಡಿ. 6:30 ಎಂದರೆ 400 ಮೀಟರಿನ ಒಂದು ಸುತ್ತಿಗೆ 97.5 ಸೆಕೆಂಡ್. ಈಗ ನಿಮ್ಮದು 110. ವಾರದಲ್ಲಿ ಒಂದು ದಿನ ಗುರಿಯ ವೇಗಕ್ಕೆ ಕಾಲನ್ನು ಪಳಗಿಸಿ: 200 ಮೀಟರನ್ನು 48 ಸೆಕೆಂಡಿನಲ್ಲಿ ಓಡಿ, 200 ಮೀಟರ್ ನಡೆಯಿರಿ, ಹೀಗೆ ಎಂಟು ಸಲ. ಎಂಟನೆಯದೂ 48ರಲ್ಲೇ ಮುಗಿದರೆ ಮುಂದಿನ ವಾರಗಳಲ್ಲಿ 400 ಮೀಟರಿಗೆ ಹೋಗಿ: 97 ಸೆಕೆಂಡಿನ ನಾಲ್ಕು ಸುತ್ತು, ನಡುವೆ ಮೂರು ನಿಮಿಷ ವಿಶ್ರಾಂತಿ. ಆಮೇಲೆ ವಿಶ್ರಾಂತಿಯನ್ನು ಎರಡು ನಿಮಿಷಕ್ಕೆ ಇಳಿಸಿ. ಯಾವುದೇ ಸುತ್ತು 105 ಸೆಕೆಂಡಿಗೆ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ದಿನ 15 ನಿಮಿಷ, ಮೂರ್ನಾಲ್ಕು ಪದಕ್ಕಿಂತ ಹೆಚ್ಚು ಆಡಲಾಗದಷ್ಟು ವೇಗದಲ್ಲಿ ಒಂದೇ ಸಮನೆ ಓಡಿ. ಉಳಿದ ಎರಡು ಅಥವಾ ಮೂರು ದಿನ ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ, 25ರಿಂದ 40 ನಿಮಿಷ. ಪೂರ್ತಿ 1600ರ ಸಮಯ ನೋಡುವುದು ಹದಿನೈದು ದಿನಕ್ಕೊಮ್ಮೆ ಸಾಕು.

ಪರೀಕ್ಷೆಯ ದಿನ ಹಲವರನ್ನು ಕೆಡಿಸುವುದು ಮೊದಲ ಸುತ್ತು. ಗುಂಪಿನ ಜೊತೆ ನುಗ್ಗಿ 85 ಸೆಕೆಂಡಿಗೆ ಒಂದು ಸುತ್ತು ಮುಗಿಸಿದವರು ಮೂರನೆಯದರಲ್ಲಿ ಕಾಲು ಕಟ್ಟಿದಂತಾಗಿ ನಿಲ್ಲುತ್ತಾರೆ. ಮೊದಲ ಸುತ್ತು 96ರಿಂದ 98ರೊಳಗಿರಲಿ, ಎಷ್ಟೇ ಜನ ಮುಂದೆ ಹೋದರೂ.

ಇದೆಲ್ಲ ನೋವು ಇಳಿದ ಮೇಲಿನ ಮಾತು. ಮೂಳೆಯ ಒಳ ಅಂಚನ್ನು ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ಐದು ಸೆಂಟಿಮೀಟರಿಗಿಂತ ಉದ್ದಕ್ಕೆ ಹರಡಿಕೊಂಡಂತೆ ನೋಯುತ್ತಿದ್ದರೆ ಅದು ಶಿನ್ ಸ್ಪ್ಲಿಂಟ್, ಅಂದರೆ ಅತಿಯಾದ ಓಟದಿಂದ ಮೊಣಕಾಲಿನ ಕೆಳಗಿನ ಮೂಳೆಯ ಅಂಚಿನಲ್ಲಿ ಬರುವ ನೋವು, ಇರುವ ಸಾಧ್ಯತೆ ಹೆಚ್ಚು. ಎರಡು ವಾರ ಓಟ ಬಿಡಿ, ಸೈಕಲ್ ತುಳಿಯಿರಿ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ದಿನ ಬಿಟ್ಟು ದಿನ 12ರಂತೆ ಮೂರು ಸಲ ಮಾಡಿ, ಒಮ್ಮೆ ಮಂಡಿ ನೇರವಾಗಿಟ್ಟು, ಒಮ್ಮೆ ಸ್ವಲ್ಪ ಬಗ್ಗಿಸಿ. ಮಂಡಿ ಬಗ್ಗಿಸಿದಾಗ ಮೀನಖಂಡದ ಒಳಪದರದ ಸ್ನಾಯುವಿಗೆ ಹೆಚ್ಚು ಕೆಲಸ ಬೀಳುತ್ತದೆ. 30 ನಿಮಿಷ ಬಿರುಸಾಗಿ ನಡೆದರೂ ನೋವಿಲ್ಲದಿದ್ದಾಗ ಮತ್ತೆ ಓಟ ಶುರುಮಾಡಿ, ಆದಷ್ಟು ಮಣ್ಣಿನ ಮೈದಾನದಲ್ಲಿ.

ಬೆರಳ ತುದಿಯಷ್ಟು ಒಂದೇ ಜಾಗದಲ್ಲಿ ಚುಚ್ಚಿದಂತೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಆ ಕಾಲಲ್ಲಿ ಕುಂಟುತ್ತಾ ನೆಗೆಯಲು ಆಗದಿದ್ದರೆ ಮೂಳೆಯಲ್ಲಿ ಬಿರುಕಿರಬಹುದು. ಕೂಡಲೇ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಇಂಥ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಎಕ್ಸ್‌ರೇ ಸರಿಯಿದೆ ಎಂದು ಮತ್ತೆ ಓಡಲು ಹೋಗಬೇಡಿ, ಎಂಆರ್‌ಐ ಬೇಕೇ ಎಂದು ಕೇಳಿ. ತಯಾರಿ ನಡೆಸುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು: ಅಭ್ಯಾಸ ಹೆಚ್ಚಿ ಊಟ ಸಾಲದೆ ಮುಟ್ಟು ನಿಂತಿದ್ದರೆ ಮೂಳೆ ಸವೆಯುತ್ತದೆ. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಪ್ರಶ್ನೆ: ಗರಡಿಗೆ ಸೇರಿದ ಮೊದಲ ದಿನವೇ 200 ಬಸ್ಕಿ ಹೊಡೆದೆ. ಮರುದಿನದಿಂದ ಮೆಟ್ಟಿಲಿಳಿಯಲು ಆಗುತ್ತಿಲ್ಲ. ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ ಅನ್ನುತ್ತಾರೆ, ನಿಜವೇ?
– ಮೈಸೂರು

ಉತ್ತರ: ಅಲ್ಲ. ಲ್ಯಾಕ್ಟಿಕ್ ಆಮ್ಲ ದೇಹದಲ್ಲಿರುವುದು ಲ್ಯಾಕ್ಟೇಟ್ ರೂಪದಲ್ಲಿ, ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿಬಿಟ್ಟಿರುತ್ತದೆ. ಬಸ್ಕಿಯಲ್ಲಿ ಕೆಳಗೆ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಆಗ ಅದರ ಎಳೆಗಳಲ್ಲಿ ಸಣ್ಣ ಗಾಯಗಳಾಗುತ್ತವೆ. ನೋವು 24ರಿಂದ 72 ಗಂಟೆಯೊಳಗೆ ಹೆಚ್ಚಾಗಿ ಆಮೇಲೆ ತಾನೇ ಇಳಿಯುತ್ತದೆ. ನಿಧಾನವಾಗಿ ನಡೆದಾಡಿ, ನೋವು ಹೋದ ಮೇಲೆ 15ರಂತೆ ಎರಡು ಸಲದಿಂದ ಶುರುಮಾಡಿ. ಆದರೆ ತೊಡೆ ಊದಿಕೊಂಡು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ರಕ್ತಕ್ಕೆ ಸೇರಿದ ಅಂಶ ಮೂತ್ರಪಿಂಡವನ್ನು ಹಾಳುಮಾಡಬಲ್ಲದು.

ಪ್ರಶ್ನೆ: ವಾಲಿಬಾಲ್ ಆಡುವಾಗ ಪಾದ ಒಳಕ್ಕೆ ಮಡಚಿ ಉಳುಕಿತು. ನರ ಹೊರಳಿದೆ ಎಂದು ಊರಲ್ಲಿ ಎಳೆದು ಎಣ್ಣೆ ತಿಕ್ಕಿದರು, ಊತ ಜಾಸ್ತಿಯಾಯಿತು. ಇದೇ ಪಾದ ಹೋದ ವರ್ಷವೂ ಉಳುಕಿತ್ತು.
– ಶಿರಸಿ

ಉತ್ತರ: ಹೊರಳಿದ್ದು ನರವಲ್ಲ. ಪಾದದ ಗಂಟಿನ ಹೊರಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಹಿಗ್ಗಿ, ಅಲ್ಲಲ್ಲಿ ಹರಿದಿರುತ್ತದೆ. ಹರಿದದ್ದನ್ನು ಎಳೆದು ತಿಕ್ಕಿದರೆ ಒಳಗೆ ರಕ್ತ ಹೆಚ್ಚು ಸೋರುತ್ತದೆ. ಮೊದಲ ಎರಡು ಮೂರು ದಿನ ತಿಕ್ಕುವುದು, ಶಾಖ ಕೊಡುವುದು ಬೇಡ. ಗಂಟಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲಿಡಿ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಬಹುದು.

ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ವೈದ್ಯರು ಬಳಸುವ, ಕೆನಡಾದ ಒಟ್ಟಾವಾ ನಗರದ ಹೆಸರಿನ ‘ಒಟ್ಟಾವಾ ನಿಯಮ’ ಸರಳ. ಉಳುಕಿದಾಗಲೂ, ವೈದ್ಯರ ಬಳಿ ಹೋದಾಗಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಬೇಕು. ಗಂಟಿನ ಎರಡು ಪಕ್ಕದ ಉಬ್ಬು ಮೂಳೆಗಳ ಹಿಂದಿನ ಅಂಚಿನ ಕೆಳಗಿನ ಆರು ಸೆಂಟಿಮೀಟರಿನಲ್ಲಿ ಒತ್ತಿದಾಗ ನೋವಾದರೂ ಬೇಕು. ಪಾದದ ಹೊರ ಅಂಚಿನ ನಡುವೆ ಎದ್ದು ಕಾಣುವ ಮೂಳೆ, ಅಥವಾ ಒಳಬದಿಯಲ್ಲಿ ಗಂಟಿನ ಮುಂದಿನ ಮೂಳೆ ಒತ್ತಿದರೆ ನೋಯುವಾಗಲೂ ಅಷ್ಟೇ.

1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲು ಎತ್ತಿಡುವುದು ಎಂಬ ಸೂತ್ರ ಕೊಟ್ಟಿದ್ದರು. ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಬರೆದರು. ಮೂಳೆ ಮುರಿದಿಲ್ಲವೆಂದು ಗೊತ್ತಾದ ಮೇಲೆ ನೋವು ತಾಳುವಷ್ಟು ಕಾಲೂರಿ ನಡೆಯಿರಿ. ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ.

ಮತ್ತೆ ಮತ್ತೆ ಉಳುಕುವುದಕ್ಕೆ ಕಾರಣ ಬೇರೆಯೇ ಇದೆ. ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ಸಂವೇದನೆ ಗಾಯದ ನಂತರ ಮಂದವಾಗುತ್ತದೆ, ಊತ ಇಳಿದರೂ ಅದು ತಾನಾಗಿ ಮರಳುವುದಿಲ್ಲ. ಹಲ್ಲುಜ್ಜುವಾಗ ಒಂದೇ ಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಸಲೀಸಾದರೆ ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ, ಆಮೇಲೆ ಮಡಚಿದ ಕಂಬಳಿಯ ಮೇಲೆ. ಹೋದ ವರ್ಷ ನೀವು ಬಿಟ್ಟದ್ದು ಬಹುಶಃ ಇದನ್ನೇ. ಉಳುಕಿದ ಕಾಲಲ್ಲಿ ಹತ್ತು ಸಲ ನೆಗೆದು ಅಲುಗಾಡದೆ ನಿಲ್ಲಲಾದರೆ ಮಾತ್ರ ಅಂಗಳಕ್ಕೆ ಇಳಿಯಿರಿ, ಮೊದಲ ಕೆಲವು ತಿಂಗಳು ಆ್ಯಂಕಲ್ ಬ್ರೇಸ್ (ಪಾದದ ಗಂಟಿಗೆ ಆಸರೆ ಕೊಡುವ ಪಟ್ಟಿ) ಹಾಕಿಕೊಂಡೇ ಆಡಿ.

ಪ್ರಶ್ನೆ: ಆಟಕ್ಕೆ ಮುಂಚೆ ಸ್ಟ್ರೆಚಿಂಗ್ ಮಾಡಬೇಕೇ, ಬೇಡವೇ?
– ಕೋಲಾರ

ಉತ್ತರ: ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಆ ಕೂಡಲೇ ಅದರ ಬಲ ಸ್ವಲ್ಪ ಕುಗ್ಗುತ್ತದೆ. ಆಟಕ್ಕೆ ಮುಂಚೆ ಐದು ನಿಮಿಷ ನಿಧಾನದ ಓಟ, ಆಮೇಲೆ ಕಾಲು ಬೀಸುವುದು, ಮಂಡಿ ಎತ್ತಿ ಓಡುವುದು, ಕೊನೆಗೆ ಎರಡು ಮೂರು ಚುರುಕು ಓಟ ಮಾಡಿ. ಹಿಡಿದು ನಿಲ್ಲಿಸುವ ಸ್ಟ್ರೆಚ್ ಆಟದ ನಂತರ, ಒಂದೊಂದಕ್ಕೆ 30 ಸೆಕೆಂಡ್ ಸಾಕು.