ಸೇನೆ ಬಿಟ್ಟು ಕಮ್ಯುನಿಕೇಷನ್ ಸಲಹೆಗಾರ ಆಗಬಹುದಾ?

ಪ್ರಶ್ನೆ: ನಾನು ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್. 21 ವರ್ಷ ಸೇವೆ ಆಗಿದೆ. ಅವಧಿಗೆ ಮೊದಲೇ ನಿವೃತ್ತಿ ತಗೊಂಡು ಬೆಂಗಳೂರಿಗೆ ಬರುವ ಯೋಚನೆ ಇದೆ. ಎರಡು ಪೋಸ್ಟಿಂಗ್‌ಗಳಲ್ಲಿ ಮಾಧ್ಯಮದ ಕೆಲಸ ನೋಡಿಕೊಂಡಿದ್ದೇನೆ. ಸ್ಟ್ರಾಟೆಜಿಕ್ ಕಮ್ಯುನಿಕೇಷನ್ ಸಲಹಾ ಸಂಸ್ಥೆ, ಅಂದರೆ ಜನರಿಗೆ ಏನು, ಯಾವಾಗ, ಹೇಗೆ ಹೇಳಬೇಕು ಎಂದು ಕಂಪನಿಗಳಿಗೆ ಸಲಹೆ ಕೊಡುವ ಸಂಸ್ಥೆ ತೆರೆಯುವ ಆಸೆ. ‘ನಿನಗಿರೋ ಸಂಪರ್ಕಕ್ಕೆ ಕೆಲಸ ತಾನಾಗಿ ಬರುತ್ತೆ’ ಎನ್ನುತ್ತಾರೆ ಗೆಳೆಯರು. ಮನೆಯವರಿಗೆ ಭಯ. ಎಲ್ಲಿಂದ ಶುರು ಮಾಡಲಿ?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಧೈರ್ಯವಾಗಿ ಬನ್ನಿ. ಆದರೆ ಸಂಪರ್ಕ ನಂಬಿಕೊಂಡು ಬರಬೇಡಿ. ಸೇನೆಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಪೋಸ್ಟಿಂಗ್ ಬದಲಾಗುತ್ತದೆ. ಇವತ್ತು ನಿಮ್ಮ ಫೋನ್ ಎತ್ತುವವರು ನಾಳೆ ಆ ಕುರ್ಚಿಯಲ್ಲಿ ಇರುವುದಿಲ್ಲ. ಮೇಲಾಗಿ, ‘ಒಳಗೆ ನಮ್ಮವರಿದ್ದಾರೆ’ ಎಂದು ಹೇಳಿ ಫೀಸ್ ತಗೊಳ್ಳುವುದು ದಲ್ಲಾಳಿ ಕೆಲಸ. ಅದಕ್ಕೆ ಕೈ ಹಾಕಿದರೆ ಇಷ್ಟು ವರ್ಷ ಗಳಿಸಿದ ಹೆಸರು ಹಾಳಾಗುತ್ತದೆ.

ನಿಮ್ಮ ಹತ್ತಿರ ಬೆಲೆಬಾಳುವುದು ಬೇರೆಯೇ ಇದೆ. ಅರ್ಧ ಮಾಹಿತಿ ಮಾತ್ರ ಬಂದಿರುತ್ತದೆ, ಸಮಯ ಓಡುತ್ತಿರುತ್ತದೆ. ಏನು ಹೇಳಬೇಕು, ಏನು ಈಗಲೇ ಬೇಡ, ಯಾರ ಬಾಯಿಂದ ಬರಬೇಕು ಎಂದು ಆಗ ತೀರ್ಮಾನ ಮಾಡಬೇಕು. ನಿಮಗೆ ಅದು ರೂಢಿ. ಬಹಳಷ್ಟು ಕಂಪನಿಗಳಿಗೆ ಅಲ್ಲ.

ಸೇನೆಗೂ ಇದೇನು ಹುಟ್ಟಿನಿಂದ ಬಂದ ವಿದ್ಯೆಯಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಪತ್ರಕರ್ತರಿಗೆ ವಿವರ ಕೊಡುತ್ತಿದ್ದವರು ಕಾರ್ಯಾಚರಣೆ ವಿಭಾಗದ ಕರ್ನಲ್ ಬಿಕ್ರಮ್ ಸಿಂಗ್. ಮುಂದೆ 2012ರಲ್ಲಿ ಅವರೇ ಸೇನಾ ಮುಖ್ಯಸ್ಥರಾದರು. ವಿಷಯ ಬಲ್ಲವರನ್ನೇ ಮಾತಿಗೆ ನಿಲ್ಲಿಸಿದ್ದು ಒಳ್ಳೆಯ ಆಯ್ಕೆ. 2019ರ ಫೆಬ್ರವರಿ 27ರಂದು ಆಗಿದ್ದು ಇದಕ್ಕೆ ಉಲ್ಟಾ. ಕಾಶ್ಮೀರದ ಬಡಗಾಮ್‌ನಲ್ಲಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಿದ್ದು ಆರು ಮಂದಿ ಯೋಧರು ಮತ್ತು ಒಬ್ಬ ನಾಗರಿಕ ತೀರಿಕೊಂಡರು. ಅದನ್ನು ಹೊಡೆದದ್ದು ನಮ್ಮದೇ ಕ್ಷಿಪಣಿ ಎಂದು ವಾಯುಪಡೆ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರ್‌ನಲ್ಲಿ. ಅಷ್ಟೂ ತಿಂಗಳು ಊಹಾಪೋಹ ಓಡಿತು. ವಿಚಾರಣೆ ಮುಗಿಯಬೇಕಿತ್ತು, ಸರಿ. ಆದರೂ ಆ ಮೌನ ಬಹಳ ದುಬಾರಿಯಾಯಿತು ಎಂದೇ ನನ್ನ ಅಭಿಪ್ರಾಯ.

2025ರ ಮೇ 11ರ ಬ್ರೀಫಿಂಗ್ ಅನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಪರೇಷನ್ ಸಿಂಧೂರದ ದಿನಗಳು. ಕೆಲವು ಟಿವಿ ಚಾನೆಲ್‌ಗಳು ಕರಾಚಿ ಬಂದರಿನ ಮೇಲೆ ದಾಳಿ ಎಂದು ಸುಳ್ಳು ಸುದ್ದಿ ಹಾಕಿದ್ದವು. ನಮ್ಮ ಕಡೆ ವಿಮಾನ ನಷ್ಟ ಆಯಿತಾ ಎಂದು ಕೇಳಿದಾಗ ಏರ್ ಮಾರ್ಷಲ್ ಎ.ಕೆ. ಭಾರ್ತಿ ಇಲ್ಲ ಎನ್ನಲಿಲ್ಲ. ಯುದ್ಧ ಎಂದ ಮೇಲೆ ನಷ್ಟ ಇರುತ್ತದೆ ಎಂದರು. ವಿವರ ಕೊಡಲಿಲ್ಲ. ಪೈಲಟ್‌ಗಳೆಲ್ಲ ವಾಪಸ್ ಬಂದಿದ್ದಾರೆ ಎಂದರು. ಮೇ 31ರಂದು ಸಿಂಗಪುರದಲ್ಲಿ ಆಗ ಮೂರೂ ಪಡೆಗಳ ಮುಖ್ಯಸ್ಥರಾಗಿದ್ದ (ಸಿಡಿಎಸ್) ಜನರಲ್ ಅನಿಲ್ ಚೌಹಾಣ್ ವಿಮಾನ ನಷ್ಟವನ್ನು ಒಪ್ಪಿಕೊಂಡಾಗ ಭಾರ್ತಿಯವರ ಮಾತು ಸುಳ್ಳಾಗಲಿಲ್ಲ. ಮುಚ್ಚಿಡುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಇರುವ ಈ ಜಾಗದಲ್ಲೇ ನಿಮ್ಮ ಮುಂದಿನ ಕೆಲಸ ಇರುವುದು.

ಇದನ್ನು ಕಂಪನಿಗೆ ತಂದರೆ ಹೇಗಿರುತ್ತದೆ? ಕೈಗಾರಿಕಾ ಪ್ರದೇಶದ ಒಂದು ಬ್ಯಾಟರಿ ಕಾರ್ಖಾನೆಯಲ್ಲಿ ಬೆಳಿಗ್ಗೆ ಬೆಂಕಿ ಬಿದ್ದಿದೆ ಎಂದುಕೊಳ್ಳಿ. ನೀವು ರೂಢಿಯ ಪ್ರಕಾರ ಬರೆಯುತ್ತೀರಿ: ‘0640 ಗಂಟೆಗೆ ಅಗ್ನಿ ಅವಘಡ ಸಂಭವಿಸಿದ್ದು, ಪರಿಸ್ಥಿತಿ ನಿಯಂತ್ರಣದಲ್ಲಿದೆ.’ ಗೇಟಿನ ಹೊರಗೆ ನಿಂತ ಕಾರ್ಮಿಕನ ಹೆಂಡತಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: ‘ಇವತ್ತು ಬೆಳಿಗ್ಗೆ 6.40ಕ್ಕೆ ನಮ್ಮ ಎರಡನೇ ಶೆಡ್‌ನಲ್ಲಿ ಬೆಂಕಿ ಬಿತ್ತು. ಶಿಫ್ಟ್‌ನಲ್ಲಿದ್ದ 34 ಜನರಲ್ಲಿ 32 ಜನ ಹೊರಬಂದಿದ್ದಾರೆ. ಇಬ್ಬರನ್ನು ಹುಡುಕುತ್ತಿದ್ದೇವೆ. ಅವರ ಮನೆಯವರ ಜೊತೆ ನಮ್ಮವರು ಇದ್ದಾರೆ. ಬೆಂಕಿಗೆ ಕಾರಣ ಇನ್ನೂ ಗೊತ್ತಿಲ್ಲ. 9 ಗಂಟೆಗೆ ಮತ್ತೆ ಮಾಹಿತಿ ಕೊಡುತ್ತೇವೆ.’ ಮತ್ತೆ 9ಕ್ಕೆ ಕೊಟ್ಟೇ ಕೊಡಬೇಕು, ಹೊಸದೇನೂ ಇಲ್ಲದಿದ್ದರೂ.

ಈ ಆರು ಸಾಲಿಗೆ ಒಪ್ಪಿಗೆ ತಗೊಳ್ಳುವುದೇ ಕಷ್ಟದ ಕೆಲಸ. ಸೇನೆಯಲ್ಲಿ ಕಮಾಂಡರ್ ಹೂಂ ಎಂದರೆ ಮುಗೀತು. ಇಲ್ಲಿ ಎಂಡಿ ಹೂಂ ಎಂದರೂ ವಕೀಲರು ‘ಒಂದಕ್ಷರ ಮಾತಾಡಬೇಡಿ’ ಎನ್ನುತ್ತಾರೆ. ಇಬ್ಬರನ್ನು ಹುಡುಕುತ್ತಿದ್ದೇವೆ ಎಂಬ ಸಾಲನ್ನೇ ಮೊದಲು ಹೊಡೆದುಹಾಕುತ್ತಾರೆ. ಆರ್ಡರ್ ಮಾಡಿ ಆಗುವ ಕೆಲಸ ಅಲ್ಲ ಇದು. ಪಕ್ಕದಲ್ಲಿ ಕೂತು ತಾಳ್ಮೆಯಿಂದ ಒಪ್ಪಿಸಬೇಕು. ಸೇನೆಯಿಂದ ಬಂದವರು ಎಡವುವುದನ್ನು ನಾನು ಜಾಸ್ತಿ ನೋಡಿರುವುದು ಇಲ್ಲೇ.

ಇನ್ನು ನಿಯಮಗಳು. ಹಿರಿಯ ದರ್ಜೆಯ ಅಧಿಕಾರಿಗಳು ನಿವೃತ್ತಿಯಾದ ಮೊದಲ ವರ್ಷ ಖಾಸಗಿ ಕೆಲಸ ಹಿಡಿಯಲು ಸರ್ಕಾರದ ಅನುಮತಿ ಬೇಕು. ಸ್ವಂತ ಸಲಹಾ ಸಂಸ್ಥೆಯೂ ಇದರಲ್ಲಿ ಬರಬಹುದು. ನಿಮ್ಮ ದರ್ಜೆಗೆ ಇದು ಅನ್ವಯವಾ ಎಂದು ಪೇಪರ್ ಹಾಕುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯ ನಂತರವೂ ನಿಮ್ಮನ್ನು ಬಿಡುವುದಿಲ್ಲ. ಹೆಸರಿನ ಮುಂದೆ ದರ್ಜೆ ಹಾಕಿದರೆ ಕೊನೆಗೆ ‘ನಿವೃತ್ತ’ ಎಂದು ಇರಲೇಬೇಕು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಿ.

ಟಿವಿ ಚರ್ಚೆಗೆ ಕರೆ ಬಂದೇ ಬರುತ್ತದೆ. ಹೋಗುವುದಾದರೆ ನಿಮ್ಮ ಗ್ರಾಹಕರು ಯಾರು ಎಂದು ಮೊದಲೇ ಹೇಳಿ. 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ತನಿಖಾ ವರದಿ ಪ್ರಕಟಿಸಿತು. ಅಮೆರಿಕದ ಟಿವಿಯಲ್ಲಿ ಇರಾಕ್ ಯುದ್ಧದ ಬಗ್ಗೆ ಮಾತಾಡುತ್ತಿದ್ದ ನಿವೃತ್ತ ಅಧಿಕಾರಿಗಳನ್ನು ಪೆಂಟಗನ್ ಒಳಗಿಂದ ತಯಾರು ಮಾಡುತ್ತಿತ್ತು. ಅವರಲ್ಲಿ ಹಲವರಿಗೆ ರಕ್ಷಣಾ ಗುತ್ತಿಗೆ ಕಂಪನಿಗಳ ಜೊತೆ ನಂಟಿತ್ತು. ನೋಡುವವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್ ಸುತ್ತ ರಕ್ಷಣಾ ಸ್ಟಾರ್ಟಪ್‌ಗಳು ಬೇಕಾದಷ್ಟಿವೆ. ನಿಮ್ಮ ಮೊದಲ ಗ್ರಾಹಕರು ಬಹುಶಃ ಅವರೇ. ಅವರ ಡ್ರೋನ್ ಬಗ್ಗೆ ಟಿವಿಯಲ್ಲಿ ಸುಮ್ನೆ ಹೊಗಳಿ ಬಂದರೆ ಅದು ಮೋಸ ಅಲ್ವಾ?

ನಕಲಿ ಖಾತೆ ನಡೆಸುವ, ಚುನಾವಣೆಯಲ್ಲಿ ಜನರ ಮನಸ್ಸು ತಿರುಗಿಸುವ ಕೆಲಸವೂ ಬರುತ್ತದೆ. ದುಡ್ಡು ಚೆನ್ನಾಗಿಯೇ ಇರುತ್ತದೆ. ಬೇಡ ಎನ್ನಿ. ಸೇನೆಗಳಿಗೆ ಸಂವಹನದ ಕೆಲಸ ಮಾಡುತ್ತಿದ್ದ ಬ್ರಿಟನ್ನಿನ ಎಸ್‌ಸಿಎಲ್ ಕಂಪನಿ ತನ್ನ ಅಂಗಸಂಸ್ಥೆ ಕೇಂಬ್ರಿಜ್ ಅನಲಿಟಿಕಾದ ಹಗರಣದಿಂದ (ಫೇಸ್‌ಬುಕ್ ಬಳಕೆದಾರರ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಚುನಾವಣಾ ಪ್ರಚಾರಕ್ಕೆ ಬಳಸಿದ ಆರೋಪ) 2018ರಲ್ಲಿ ಬಾಗಿಲು ಹಾಕಿತು.

ಪ್ರಶ್ನೆ: ಮಗಳು ಸೇನೆಯ ಸಿಗ್ನಲ್ಸ್ (ಸಂಪರ್ಕ ವ್ಯವಸ್ಥೆ) ವಿಭಾಗದಲ್ಲಿ ಶಾರ್ಟ್ ಸರ್ವಿಸ್ (ನಿಗದಿತ ಅವಧಿಯ ಸೇವೆ) ಮೇಜರ್. 10 ವರ್ಷ ಮುಗಿಯುತ್ತಿದೆ. ಮಾಧ್ಯಮದ ಅನುಭವ ಇಲ್ಲ. ಅವಳಿಗೂ ಈ ಕ್ಷೇತ್ರ ಆಗುತ್ತಾ?
– ಮಡಿಕೇರಿಯ ಓದುಗರು

ಉತ್ತರ: ಆಗುತ್ತದೆ. ಸಿಂಧೂರದ ಬ್ರೀಫಿಂಗ್‌ನಲ್ಲಿ ದೇಶ ನೋಡಿದ ಕರ್ನಲ್ ಸೋಫಿಯಾ ಖುರೇಷಿ ಸಿಗ್ನಲ್ಸ್‌ನವರೇ. ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಹೆಲಿಕಾಪ್ಟರ್ ಪೈಲಟ್. ಆದರೆ ನಿಮ್ಮ ಮಗಳು ಈಗಲೇ ಸ್ವಂತ ಸಂಸ್ಥೆ ತೆರೆಯುವುದು ಬೇಡ. 10 ವರ್ಷದ ಶಾರ್ಟ್ ಸರ್ವಿಸ್‌ಗೆ ಪಿಂಚಣಿ ಇರುವುದಿಲ್ಲ, ತಿಂಗಳ ಖರ್ಚಿಗೆ ಸಂಬಳ ಬೇಕು. ಸೇನೆ ಬಿಡುವವರ ಮರುನೆಲೆಗೆ ನೆರವಾಗುವ ರಕ್ಷಣಾ ಸಚಿವಾಲಯದ ಡಿಜಿಆರ್ ಮೂಲಕ ಅಧಿಕಾರಿಗಳಿಗೆ 24 ವಾರಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಇದೆ, ಸೇವೆ ಮುಗಿಯುವ ಮೊದಲೇ ಅರ್ಜಿ ಹಾಕಲಿ. ಆಮೇಲೆ ಯಾವುದಾದರೂ ಏಜೆನ್ಸಿಯಲ್ಲಿ ಎರಡು ಮೂರು ವರ್ಷ ದುಡಿಯಲಿ. ಪತ್ರಿಕಾ ಪ್ರಕಟಣೆ ಬರೆಯುವುದರಿಂದ ಹಿಡಿದು ಗ್ರಾಹಕರಿಗೆ ಬಿಲ್ ಕಳಿಸುವವರೆಗೆ ಎಲ್ಲ ಕಲಿಯಲಿ. ಕನ್ನಡದಲ್ಲಿ ಬರೆಯುವ ಅಭ್ಯಾಸ ಬಿಟ್ಟುಹೋಗಿದ್ದರೆ ಇವತ್ತಿನಿಂದಲೇ ಮತ್ತೆ ಶುರು ಮಾಡಲಿ. ಬೆಂಕಿ ಬಿದ್ದ ಕಾರ್ಖಾನೆಯ ಗೇಟಿನಲ್ಲಿ ಇಂಗ್ಲಿಷ್ ಹೇಳಿಕೆ ಓದಿದರೆ ಕೇಳುವವರು ಯಾರು?